ಗಿಡ ತಾಗಿ ತುರಿಕೆ, ದದ್ದು: ಮನೆಮದ್ದಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮೈಸೂರು ಕಡೆ ಗದ್ದೆ, ತೋಟ, ನಾಲೆ ಏರಿ, ಖಾಲಿ ಸೈಟು, ಎಲ್ಲಿ ಕೈ ಹಾಕಿದರೂ ತುರಿಸುವ ಗಿಡ ಒಂದಲ್ಲ ಒಂದು ಇದ್ದೇ ಇರುತ್ತದೆ. ತುರಿಕೆ ಎದ್ದ ಕೂಡಲೇ ಒಬ್ಬರು ಸುಣ್ಣ ಹಚ್ಚು ಅನ್ನುತ್ತಾರೆ. ಇನ್ನೊಬ್ಬರು ಸಗಣಿ ಅನ್ನುತ್ತಾರೆ. ಮತ್ತೊಬ್ಬರು ಮೆಡಿಕಲ್‌ನಿಂದ ಟ್ಯೂಬ್ ತಂದು ಕೊಡುತ್ತಾರೆ. ಆದರೆ ಎಲ್ಲ ಗಿಡದ ತುರಿಕೆಯೂ ಒಂದೇ ಥರ ಅಲ್ಲ. ಒಂದಕ್ಕೆ ಒಗ್ಗುವ ಮದ್ದು ಇನ್ನೊಂದಕ್ಕೆ ಹಾಕಿದರೆ ಜಾಸ್ತಿಯೇ ಆಗಬಹುದು. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ.

ಗಿಡ ತಾಗಿದ ಕೂಡಲೇ ಮೊದಲು ಏನು ಮಾಡಬೇಕು?

ತೊಳೆಯಬೇಕು. ಹಚ್ಚುವುದು, ಅರೆಯುವುದು, ಕೇಳುವುದು ಎಲ್ಲ ಆಮೇಲೆ. ಸೊನೆ, ಹಾಲು, ಎಣ್ಣೆ ಅಂಶ ಇರುವ ಗಿಡವಾದರೆ ಮೊದಲ 10-15 ನಿಮಿಷ ತುಂಬಾ ಮುಖ್ಯ. ಅಷ್ಟರೊಳಗೆ ಸೋಪು ಹಾಕಿ ತಣ್ಣೀರಲ್ಲಿ ತೊಳೆದರೆ ಎಷ್ಟೋ ಸಲ ದದ್ದು ಏಳುವುದೇ ಇಲ್ಲ. ಎದ್ದರೂ ಕಡಿಮೆ ಇರುತ್ತದೆ. ತಡವಾಗಿದ್ದರೂ ತೊಳೆಯಿರಿ, ಮೈಮೇಲೆ ಉಳಿದಿರುವುದಾದರೂ ಹೋಗುತ್ತದೆ.

ಗದ್ದೆಯಲ್ಲಿದ್ದರೆ ಪಂಪ್‌ಸೆಟ್ ನೀರಿಗೆ ಕೈ ಒಡ್ಡಿ. ಸೋಪಿಲ್ಲ ಅಂತ ಮನೆ ಸೇರುವವರೆಗೂ ಕಾಯಬೇಡಿ. ಹರಿಯುವ ನೀರೇ ಒಳ್ಳೆಯದು. ಬಕೆಟ್‌ನಲ್ಲಿ ಕೈ ಅದ್ದಿ, ಅದೇ ನೀರಲ್ಲಿ ಮುಖ ತೊಳೆದರೆ ಕೈಯಲ್ಲಿದ್ದದ್ದು ಮುಖಕ್ಕೂ ಬರುತ್ತದೆ. ಗಟ್ಟಿಯಾಗಿ ಉಜ್ಜಬೇಡಿ, ಬಿಸಿನೀರು ಬೇಡ. ಉಗುರಿನ ಸಂದಿಯನ್ನು ಮಾತ್ರ ಚೆನ್ನಾಗಿ ತೊಳೆಯಿರಿ. ಕಣ್ಣು, ಕತ್ತು ಎಲ್ಲ ಕಡೆ ಮುಟ್ಟುವುದು ಅದೇ ಬೆರಳಲ್ಲಿ ಅಲ್ವಾ?

ಹಾಕಿಕೊಂಡಿದ್ದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಕುಡುಗೋಲು, ಮಚ್ಚು, ಚಪ್ಪಲಿ, ಜೇಬಿನಲ್ಲಿದ್ದ ಫೋನು ಇವನ್ನೂ ಒರೆಸಿಕೊಳ್ಳಿ. ದದ್ದು ವಾಸಿಯಾಗುತ್ತಾ ಬಂದು ಮತ್ತೆ ಏಳುತ್ತಿದೆ ಅಂದರೆ ಎಷ್ಟೋ ಸಲ ತೊಳೆಯದೆ ಬಿಟ್ಟ ಕುಡುಗೋಲಿನ ಹಿಡಿಯೇ ಕಾರಣ.

ತೊಳೆಯುವುದೇ ಮೊದಲು ಅನ್ನುವ ಮಾತಿಗೆ ಹೊರತಾದ ಗಿಡ ಒಂದಿದೆ. ಅದು ನಸುಗುನ್ನಿ.

ನಸುಗುನ್ನಿ ಕಾಯಿ ತಾಗಿದರೆ ಯಾಕೆ ಬೇರೆ ರೀತಿ?

ನಸುಗುನ್ನಿಯ ತುರಿಕೆ ಸೊನೆಯಿಂದ ಬರುವುದಲ್ಲ. ಕಾಯಿಯ ಮೇಲೆ ಕಂದು ಬಣ್ಣದ ಸಣ್ಣ ರೋಮ ಇರುತ್ತದಲ್ಲ, ಅದು ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ. ಆ ರೋಮದಲ್ಲಿ ಮ್ಯೂಕುನೈನ್ ಅನ್ನುವ ಪ್ರೋಟೀನು ಇದೆ, ಸೆರೊಟೋನಿನ್ ಕೂಡ ಇದೆ. ತುರಿಕೆ ತಡೆಯಲಾಗದಷ್ಟು ಇರುವುದು ಅದರಿಂದ. ಚಳಿಗಾಲದಲ್ಲಿ ಕಾಯಿ ಒಣಗಿದಾಗ ಗಾಳಿಗೂ ರೋಮ ಹಾರುತ್ತದೆ. ಬಳ್ಳಿಯ ಕೆಳಗೆ ಸುಮ್ನೆ ನಡೆದು ಹೋದವರಿಗೂ ಹತ್ತುತ್ತದೆ.

ಇದಕ್ಕೆ ಕೈ ಹಾಕಿ ಉಜ್ಜಿದರೆ, ಟವೆಲ್‌ನಲ್ಲಿ ಒರೆಸಿದರೆ ರೋಮ ಇನ್ನೂ ಒಳಗೆ ಹೋಗುತ್ತದೆ, ಬೇರೆ ಜಾಗಕ್ಕೂ ಹರಡುತ್ತದೆ. ಮೊದಲು ರೋಮ ಕೀಳಬೇಕು. ಸೆಲ್ಲೋ ಟೇಪನ್ನು ಚರ್ಮಕ್ಕೆ ಅಂಟಿಸಿ, ಮೆಲ್ಲಗೆ ಎಬ್ಬಿಸಿ. ಪ್ರತಿ ಸಲವೂ ಹೊಸ ತುಂಡು ಬಳಸಿ. ಟೇಪು ಇಲ್ಲದಿದ್ದರೆ ಮೆತ್ತಗೆ ಕಲಸಿದ ಗೋಧಿ ಹಿಟ್ಟಿನ ಉಂಡೆಯನ್ನು ಒತ್ತಿ ಒತ್ತಿ ತೆಗೆಯಿರಿ. ಹಳ್ಳಿಯಲ್ಲಿ ಹಸಿ ಸಗಣಿ ಬಳಿದು, ಒಣಗಿದ ಮೇಲೆ ಕೀಳುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಲೆಕ್ಕ ಸರಿಯಾಗೇ ಇದೆ, ಸಗಣಿ ಮಾತ್ರ ಬೇಡ. ಪರಚಿದ ಚರ್ಮಕ್ಕೆ ಸಗಣಿ ತಾಗಿದರೆ ಧನುರ್ವಾಯುವಿನ ಭಯ ಇದೆ. ಟೇಪು ಅದೇ ಕೆಲಸವನ್ನು ಶುದ್ಧವಾಗಿ ಮಾಡುತ್ತದೆ.

ರೋಮ ಕಿತ್ತ ಮೇಲೆ ಹರಿಯುವ ನೀರು, ಸೋಪು. ಆಮೇಲೆ ತಣ್ಣನೆ ಒದ್ದೆ ಬಟ್ಟೆ. ಅಲರ್ಜಿ ಮಾತ್ರೆ ನುಂಗಿದರೂ ಇದರಲ್ಲಿ ಅಷ್ಟಾಗಿ ಇಳಿಯುವುದಿಲ್ಲ, ಯಾಕೆಂದರೆ ಈ ತುರಿಕೆ ಹುಟ್ಟುವ ದಾರಿಯೇ ಬೇರೆ. ಕೆಲವು ಗಂಟೆಯಲ್ಲಿ ತಾನಾಗೇ ಇಳಿಯುತ್ತದೆ. ಕಣ್ಣಿಗೆ ರೋಮ ಬಿದ್ದಿದ್ದರೆ ಮಾತ್ರ ಉಜ್ಜದೆ, ನೀರು ಹಾಯಿಸಿಕೊಂಡು, ನೇರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಬೇಲಿ ಸಾಲಿನಲ್ಲಿ ಸಿಗುವ ತುರಿಕೆ ಸೊಪ್ಪಿನ ಬಳ್ಳಿಯದ್ದೂ ರೋಮದ ಕಾಟವೇ. ಅದರ ರೋಮದ ತುದಿಯಲ್ಲಿ ಸೂಜಿಯಂಥ ಹರಳು ಇರುತ್ತದೆ. ಚುರ್ ಅನ್ನುತ್ತದೆ, ಬೊಬ್ಬೆ ಏಳುತ್ತದೆ, ಒಂದೆರಡು ಗಂಟೆಯಲ್ಲಿ ಕಡಿಮೆಯಾಗುತ್ತದೆ. ಟೇಪು, ತಣ್ಣೀರು ಸಾಕು.

ಕರಿಗೇರಿನ ಸೊನೆ ತಾಗಿ ಮೈಯೆಲ್ಲ ಊದಿದೆ. ಮನೆಮದ್ದು ಸಾಕಾಗುತ್ತದಾ?

ಹಿಂದೆ ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಪ್ಪು ಬೀಜ ಇದು. ಎಚ್.ಡಿ. ಕೋಟೆ ಕಡೆಯ ಕಾಡಿನಲ್ಲಿ ಈ ಮರ ಸಿಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ದೇಶದಲ್ಲಿದ್ದ ವಿದೇಶಿ ಸೈನಿಕರಿಗೆ ಅಂಗಿಯ ಕಾಲರಿನ ಜಾಗದಲ್ಲೇ ದದ್ದು ಏಳುತ್ತಿತ್ತು. ಹುಡುಕಿ ನೋಡಿದರೆ ಕಾರಣ ಈ ಬೀಜದ ರಸದಲ್ಲಿ ಹಾಕಿದ್ದ ಧೋಬಿ ಗುರುತು. ಒಗೆದು ಒಣಗಿದ ಬಟ್ಟೆಯಲ್ಲೂ ಅದು ಅಷ್ಟು ಗಟ್ಟಿಯಾಗಿ ಉಳಿಯುತ್ತದೆ.

ಇದರ ಎಣ್ಣೆ ಅಂಶ ಚರ್ಮವನ್ನು ಸುಡುತ್ತದೆ, ಅಲರ್ಜಿಯನ್ನೂ ಎಬ್ಬಿಸುತ್ತದೆ. ತಾಗಿದ ದಿನ ಕಪ್ಪು ಕಲೆ, ಒಂದೆರಡು ದಿನದಲ್ಲಿ ನೀರುಗುಳ್ಳೆ, ಊತ. ಸ್ವಲ್ಪ ಜಾಗಕ್ಕೆ ಆಗಿದ್ದರೆ ತೊಳೆದು, ತಣ್ಣೀರ ಬಟ್ಟೆ ಹಾಕಿ, ಕ್ಯಾಲಮೈನ್ ಲೋಷನ್ ಹಚ್ಚಿ ನೋಡಬಹುದು. ಮುಖ ಊದಿದ್ದರೆ, ಗುಪ್ತ ಭಾಗಕ್ಕೆ ಹರಡಿದ್ದರೆ, ಮೈಯಲ್ಲಿ ದೊಡ್ಡ ಭಾಗಕ್ಕೆ ಆಗಿದ್ದರೆ ಮನೆಮದ್ದು ಸಾಲುವುದಿಲ್ಲ. ಡಾಕ್ಟರು ಕೊಡುವ ಸ್ಟೀರಾಯ್ಡ್ ಮಾತ್ರೆ ಬೇಕಾಗುತ್ತದೆ. ಅದನ್ನು ಅವರು ಎರಡು ಮೂರು ವಾರ ಸ್ವಲ್ಪ ಸ್ವಲ್ಪ ಇಳಿಸುತ್ತಾ ಕೊಡುತ್ತಾರೆ. ತುರಿಕೆ ನಿಂತಿತು ಅಂತ ನಡುವೆ ಬಿಟ್ಟರೆ ಮತ್ತೆ ಏಳುತ್ತದೆ.

ಆಯುರ್ವೇದದಲ್ಲಿ ಈ ಬೀಜವನ್ನು ಔಷಧಿಗೆ ಬಳಸುತ್ತಾರೆ ಅನ್ನುವುದು ನಿಜ. ಆದರೆ ಅದನ್ನು ಶುದ್ಧಿ ಮಾಡುವ ಕ್ರಮ ಕಲಿತವರಿಗೆ ಮಾತ್ರ ಗೊತ್ತು. ಮನೆಯಲ್ಲಿ ಸುಟ್ಟು, ಅರೆದು ಕಾಲಿನ ಒಡಕಿಗೆ ಹಚ್ಚುವ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ದಯವಿಟ್ಟು ಮಾಡಬೇಡಿ.

ಮಾವಿನಕಾಯಿ ಕಿತ್ತ ಮೇಲೆ ತುಟಿ, ಕೆನ್ನೆ ತುರಿಸುವುದು ಯಾಕೆ?

ಮಾವು, ಗೋಡಂಬಿ, ಕರಿಗೇರು ಮೂರೂ ಒಂದೇ ಕುಟುಂಬದ ಮರಗಳು. ಮಾವಿನ ಸೊನೆಯಲ್ಲೂ, ಸಿಪ್ಪೆಯಲ್ಲೂ ಅದೇ ಜಾತಿಯ ಎಣ್ಣೆ ಅಂಶ ಇರುತ್ತದೆ. ತೊಟ್ಟು ಮುರಿದಾಗ ಚಿಮ್ಮುವ ಸೊನೆಯೇ ಜೋರು. ಕಾಯಿ ಕಿತ್ತ ಮೇಲೆ ತೊಟ್ಟು ಕೆಳಗೆ ಮಾಡಿ ಸೊನೆ ಸುರಿಸಿ, ತೊಳೆದು, ಆಮೇಲೆ ಮನೆಯೊಳಗೆ ತನ್ನಿ. ಹಣ್ಣು ತಿಂದರೆ ತುಟಿ ಸುತ್ತ ದದ್ದು ಏಳುವ ಮಕ್ಕಳಿಗೆ ಸಿಪ್ಪೆ ಹೆರೆದು, ಹೋಳು ಮಾಡಿ ಕೊಡಿ. ಹೆಚ್ಚಿನವರಿಗೆ ತಿರುಳಿನಿಂದ ತೊಂದರೆ ಇಲ್ಲ, ಕಾಟ ಕೊಡುವುದು ಸಿಪ್ಪೆ. ಬಾದಾಮಿ ಮಾವನ್ನು ಸಿಪ್ಪೆ ಸಮೇತ ಚೀಪುವ ಖುಷಿ ಅವರ ಪಾಲಿಗೆ ಇಲ್ಲ, ಪಾಪ.

ಮಾವು, ಗೇರು ಎರಡಕ್ಕೂ ಒಂದು ಮಾತು: ಮೊದಲ ಸಲ ತಾಗಿದಾಗ ಏನೂ ಆಗದೇ ಇರಬಹುದು. ಮೈ ಅದನ್ನು ಗುರುತು ಹಿಡಿದ ಮೇಲೆ, ಮುಂದಿನ ಸಲ ಒಂದೆರಡು ದಿನದಲ್ಲೇ ದದ್ದು ಏಳುತ್ತದೆ. "ಮೊನ್ನೆ ಕಿತ್ತಾಗ ಏನೂ ಆಗಿರಲಿಲ್ಲ" ಅನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ.

ತೆಂಗಿನೆಣ್ಣೆ ಹಚ್ಚಬಹುದಾ?

ಹಚ್ಚಬಹುದು, ಆದರೆ ತೊಳೆದ ಮೇಲೆ. ಸೊನೆ ಮೈಮೇಲೆ ಇರುವಾಗಲೇ ಎಣ್ಣೆ ಸವರಿದರೆ ಸೊನೆ ಎಣ್ಣೆಯಲ್ಲಿ ಕರಗಿ ಇನ್ನಷ್ಟು ಜಾಗಕ್ಕೆ ಹರಡುತ್ತದೆ. ಕೊಬ್ಬರಿ ಎಣ್ಣೆಯ ಮೇಲೆ ನಮ್ಮವರಿಗೆ ತುಂಬಾ ನಂಬಿಕೆ, ಅದಕ್ಕೇ ಈ ತಪ್ಪು ಜಾಸ್ತಿ. ಕೆಲಸಕ್ಕೆ ಹೋಗುವ ಮುಂಚೆ ಕೈಕಾಲಿಗೆ ಎಣ್ಣೆ ಸವರಿಕೊಂಡು ಹೋಗುವುದು ಬೇರೆ ವಿಷಯ. ಹಾಗೆ ಮಾಡಿದ್ದರೂ ವಾಪಸ್ ಬಂದಾಗ ಸೋಪು ಹಾಕಿ ತೊಳೆಯಲೇಬೇಕು.

ನೀರುಗುಳ್ಳೆ ಒಸರುತ್ತಿರುವಾಗ ಎಣ್ಣೆ ಬೇಡ. ದದ್ದು ಒಣಗಿ, ಹಕ್ಕಳೆ ಕಟ್ಟಿ, ಚರ್ಮ ಬಿರಿಯುವ ಹೊತ್ತಿಗೆ ತೆಳ್ಳಗೆ ಹಚ್ಚಿ. ಆಗ ನಿಜವಾಗಿಯೂ ಹಿತ ಕೊಡುತ್ತದೆ. ಎಣ್ಣೆಗೆ ಕರ್ಪೂರ ಬೆರೆಸಿ ಹಚ್ಚುವವರಿದ್ದಾರೆ. ದೊಡ್ಡವರಿಗೆ ತಂಪು ಅನಿಸುತ್ತದೆ. ಒಡೆದ ಚರ್ಮಕ್ಕೆ ಮಾತ್ರ ಬೇಡ, ಎಳೆ ಮಕ್ಕಳ ಹತ್ತಿರ ಅದನ್ನು ತರಲೇಬೇಡಿ. ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು.

ಹಾಗಾದರೆ ಮನೆಯಲ್ಲಿ ತುರಿಕೆ ಇಳಿಸಲು ಯಾವುದು ನಿಜವಾಗಿ ಕೆಲಸ ಮಾಡುತ್ತದೆ?

ಎಲ್ಲಕ್ಕಿಂತ ಮೊದಲು ತಣ್ಣೀರ ಬಟ್ಟೆ. ಹಳೆಯ ಮೆತ್ತನೆ ಕಾಟನ್ ಪಂಚೆಯ ತುಂಡು ಇದ್ದರೆ ಸಾಕು. ಮಡಕೆ ನೀರಲ್ಲಿ ಅದ್ದಿ, ಹಿಂಡಿ, ದದ್ದಿನ ಮೇಲೆ 15-20 ನಿಮಿಷ ಇಡಿ. ದಿನಕ್ಕೆ ನಾಲ್ಕೈದು ಸಲ ಮಾಡಿ. ಒಸರುವ ಗುಳ್ಳೆಯೂ ಇದರಿಂದ ಒಣಗುತ್ತದೆ. ಕಾಸಿಲ್ಲದ ಮದ್ದು, ಬಹುಶಃ ಅದಕ್ಕೇ ಯಾರೂ ನಂಬುವುದಿಲ್ಲ. ರಾತ್ರಿ ತುರಿಕೆಗೆ ನಿದ್ದೆ ಬಾರದವರಿಗೆ ಇದಕ್ಕಿಂತ ಒಳ್ಳೆಯದು ಮನೆಯಲ್ಲಿ ಇನ್ನೊಂದಿಲ್ಲ.

ಅಡುಗೆ ಸೋಡಾ: ಮೂರು ಚಮಚ ಸೋಡಾಕ್ಕೆ ಒಂದು ಚಮಚ ನೀರು, ಹಿಟ್ಟಿನಂತೆ ಕಲಸಿ ಮೇಲೆ ಮೇಲೆ ಹಚ್ಚಿ, ಹತ್ತು ನಿಮಿಷಕ್ಕೆ ತೊಳೆಯಿರಿ. ಒಡೆದ ಚರ್ಮಕ್ಕೆ ಉರಿಯುತ್ತದೆ, ಅಲ್ಲಿ ಬೇಡ.

ಓಟ್ಸ್: ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಉಗುರು ಬೆಚ್ಚಗಿಗಿಂತ ತಣ್ಣಗಿರುವ ನೀರಿಗೆ ಕದಡಿ ಸ್ನಾನ ಮಾಡಿ. ಇದು ಬೆಂದು ಉರಿಯುವ ಚರ್ಮಕ್ಕೆ ತಂಪು ಕೊಡುತ್ತದೆ ಅನ್ನುವುದನ್ನು ಚರ್ಮದ ಡಾಕ್ಟರುಗಳೂ ಒಪ್ಪುತ್ತಾರೆ. ಬಚ್ಚಲು ಜಾರುತ್ತದೆ, ವಯಸ್ಸಾದವರಿದ್ದರೆ ಹುಷಾರು.

ಲೋಳೆಸರ ಚೆನ್ನಾಗಿರುತ್ತದೆ. ಆದರೆ ಎಲೆ ಕೊಯ್ದ ಕೂಡಲೇ ಇಳಿಯುವ ಹಳದಿ ರಸವೇ ಕೆಲವರಿಗೆ ತುರಿಸುತ್ತದೆ. ಎಲೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಆ ರಸ ಸುರಿಸಿಬಿಡಿ. ಸಿಪ್ಪೆ ತೆಗೆದು, ತಿರುಳನ್ನು ತೊಳೆದು ಹಚ್ಚಿ.

ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಲ್ಲಿ ಸ್ನಾನ ಮಾಡಿಸುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ. ತೊಂದರೆ ಇಲ್ಲ, ಆರಿದ ಮೇಲೆ ಬಳಸಿ. ಬೇವನ್ನು ಅರೆದು ಗಟ್ಟಿಯಾಗಿ ಮೆತ್ತುವುದು ಕೆಲವರಿಗೆ ಉರಿ ಜಾಸ್ತಿ ಮಾಡುತ್ತದೆ. ಶ್ರೀಗಂಧದ ಕೊರಡು ತೇಯ್ದು ಹಚ್ಚಿದರೆ ತಂಪು. ಅಂಗಡಿಯ ಪುಡಿಯಲ್ಲಿ ಬಣ್ಣ, ಸೆಂಟು ಬೆರೆಸಿರಬಹುದು, ಅದು ಬೇಡ. ಅರಿಶಿನದಿಂದ ಕಲೆ ಬೀಳುತ್ತದೆ, ಆಮೇಲೆ ಕೆಂಪು ಎಷ್ಟಿದೆ ಅಂತ ಡಾಕ್ಟರಿಗೂ ಕಾಣುವುದಿಲ್ಲ. ಕುಂಕುಮ, ಅರಿಶಿನದ ಅಲರ್ಜಿಯೂ ಕೆಲವರಿಗೆ ಇರುತ್ತದೆ. ಆದ್ದರಿಂದ ಈ ಕೆಲಸಕ್ಕೆ ನಾನು ಅರಿಶಿನ ಹೇಳುವುದಿಲ್ಲ.

ಯಾವ ಮೆಡಿಕಲ್‌ನಲ್ಲಾದರೂ ಸಿಗುವ ಕ್ಯಾಲಮೈನ್ ಲೋಷನ್ ಒಂದು ಬಾಟಲಿ ಮನೆಯಲ್ಲಿಟ್ಟುಕೊಳ್ಳಿ. ಮಕ್ಕಳಿಗೂ ಆಗುತ್ತದೆ. ಉಗುರು ಕತ್ತರಿಸಿಕೊಳ್ಳಿ, ಅದೂ ಮದ್ದೇ.

ಯಾವುದನ್ನು ಹಚ್ಚಲೇಬಾರದು?

ಸುಣ್ಣ ಬೇಡ, ಚರ್ಮ ಸುಡುತ್ತದೆ. ಸೀಮೆಎಣ್ಣೆ, ಪೆಟ್ರೋಲ್ ಬೇಡ. ಬೆಳ್ಳುಳ್ಳಿ ಜಜ್ಜಿ ಕಟ್ಟಿದರೆ ಬೊಬ್ಬೆ ಬರುತ್ತದೆ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಆ ಜಾಗ ಸುಟ್ಟಂತಾಗಿ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಡೆಟಾಲ್‌ನಂಥ ಆಂಟಿಸೆಪ್ಟಿಕ್ಕನ್ನು ನೀರು ಬೆರೆಸದೆ ಸುರಿಯಬೇಡಿ.

ಬಿಸಿನೀರಿನ ಬಗ್ಗೆ ಒಂದು ಮಾತು. ಸುಡುವ ನೀರು ಹುಯ್ದುಕೊಂಡಾಗ ತುರಿಕೆ ನಿಂತ ಹಾಗೆ ಆಗುತ್ತದೆ, ಬಹಳ ಜನ ಇದನ್ನು ಹೇಳುತ್ತಾರೆ. ಆ ಹಿತ ಸ್ವಲ್ಪ ಹೊತ್ತು ಮಾತ್ರ. ಆಮೇಲೆ ಚರ್ಮ ಒಣಗಿ, ಕೆಂಪಾಗಿ, ತುರಿಕೆ ಎರಡರಷ್ಟಾಗುತ್ತದೆ.

ಗುಳ್ಳೆ ಒಡೆದ ನೀರು ತಾಗಿದರೆ ಮನೆಯವರಿಗೂ ಹರಡುತ್ತದಾ?

ಇಲ್ಲ. ಗುಳ್ಳೆಯೊಳಗಿನ ನೀರು ನಿಮ್ಮ ಮೈಯದ್ದೇ, ಅದರಲ್ಲಿ ಗಿಡದ ವಿಷ ಇರುವುದಿಲ್ಲ. ಹರಡುವುದು ತೊಳೆಯದ ಬಟ್ಟೆ, ಉಗುರು, ಸಾಮಾನಿನಲ್ಲಿ ಉಳಿದ ಸೊನೆಯಿಂದ. ಚರ್ಮ ದಪ್ಪ ಇರುವ ಕಡೆ ದದ್ದು ತಡವಾಗಿ ಏಳುತ್ತದೆ. ಅದಕ್ಕೇ ದಿನಾ ಹೊಸ ಜಾಗಕ್ಕೆ ಹಬ್ಬಿದಂತೆ ಕಾಣುತ್ತದೆ. ಮಗುವನ್ನು ಎತ್ತಿಕೊಳ್ಳಿ, ಪಕ್ಕದಲ್ಲೇ ಮಲಗಿಸಿಕೊಳ್ಳಿ, ಭಯ ಬೇಡ. ಗುಳ್ಳೆಯನ್ನು ಮಾತ್ರ ಸೂಜಿಯಲ್ಲಿ ಒಡೆಯಬೇಡಿ.

ಮನೆಯವರೆಲ್ಲರಿಗೂ ಒಬ್ಬರಾದ ಮೇಲೆ ಒಬ್ಬರಿಗೆ ರಾತ್ರಿ ಹೊತ್ತು ತುರಿಕೆ, ಬೆರಳ ಸಂದಿಯಲ್ಲಿ ಗುಳ್ಳೆ ಅಂದರೆ ಅದು ಗಿಡದ್ದಲ್ಲ, ಕಜ್ಜಿ ಇರಬಹುದು. ಅದು ಹರಡುತ್ತದೆ, ಅದಕ್ಕೆ ಬೇರೆ ಔಷಧಿ.

ಬೆಳಗ್ಗೆ ಎದ್ದಾಗ ಕತ್ತಿನ ಮೇಲೆ ಬರೆ ಎಳೆದ ಹಾಗೆ ಉರಿ. ಯಾವ ಗಿಡವೂ ಮುಟ್ಟಿಲ್ಲ. ಏನಿದು?

ಮಳೆಗಾಲದಲ್ಲಿ ಲೈಟಿಗೆ ಬರುವ ಕಪ್ಪು, ಕಿತ್ತಳೆ ಪಟ್ಟೆಯ ಇರುವೆಯಂಥ ಪುಟ್ಟ ಹುಳದ ಕೆಲಸ ಇರಬಹುದು. ಅದು ಕಚ್ಚುವುದಿಲ್ಲ. ಮೈಮೇಲೆ ಜಜ್ಜಿದಾಗ ಅದರ ರಸ ಸುಡುತ್ತದೆ. ಇದನ್ನು ಸರ್ಪಸುತ್ತು ಅಂದುಕೊಂಡು ಗಾಬರಿಯಾಗುವವರು ಬಹಳ. ಸೋಪು ನೀರಲ್ಲಿ ತೊಳೆದು ತಣ್ಣೀರ ಬಟ್ಟೆ ಹಾಕಿ. ಹುಳ ಮೈಮೇಲೆ ಕಂಡರೆ ಜಜ್ಜದೆ ಊದಿ ಹಾರಿಸಿ.

ಕಾಂಗ್ರೆಸ್ ಗಿಡದಿಂದ ಬರುವ ತುರಿಕೆ ಯಾಕೆ ವಾಸಿಯಾಗುವುದೇ ಇಲ್ಲ?

ಈ ಪಾರ್ಥೇನಿಯಂ ನಮ್ಮ ಕಡೆಯ ದೊಡ್ಡ ಪಿಡುಗು. ವಿಶ್ವೇಶ್ವರಯ್ಯ ನಾಲೆಯ ಏರಿ, ರೈಲ್ವೆ ಹಳಿಯ ಪಕ್ಕ, ಮೈಸೂರಿನ ಹೊಸ ಬಡಾವಣೆಗಳ ಖಾಲಿ ಸೈಟು, ಎಲ್ಲಿ ನೋಡಿದರೂ ಇದೆ. ಅಮೆರಿಕ ಖಂಡದ ಗಿಡ. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂತು. ಒಂದೊಂದು ಗಿಡವೂ ಸಾವಿರಾರು ಬೀಜ ಬಿಡುತ್ತದೆ, ಮೊಳೆತು ಒಂದೂವರೆ ತಿಂಗಳೊಳಗೆ ಹೂವು ಬಿಡುತ್ತದೆ.

ಇದರ ಪಾರ್ಥೆನಿನ್ ಅನ್ನುವ ಅಂಶಕ್ಕೆ ಮೈ ಒಮ್ಮೆ ಒಗ್ಗದೇ ಹೋದರೆ, ಆಮೇಲೆ ಗಿಡ ಮುಟ್ಟಲೇಬೇಕು ಅಂತಿಲ್ಲ. ಒಣಗಿದ ಎಲೆಯ ಪುಡಿ, ಗಿಡದ ಮೇಲಿನ ಸಣ್ಣ ರೋಮ, ಪರಾಗ ಗಾಳಿಯಲ್ಲಿ ಬಂದು ಮುಖಕ್ಕೆ ತಾಗಿದರೂ ಸಾಕು. ಅದಕ್ಕೇ ರೆಪ್ಪೆ, ಕತ್ತು, ಮೊಣಕೈ ಮಡಿಕೆ, ಕಿವಿಯ ಹಿಂದೆ ಮೊದಲು ಕಾಣುತ್ತದೆ. ವರ್ಷಗಟ್ಟಲೆ ಬರಿಗೈಯಲ್ಲಿ ಕಳೆ ಕಿತ್ತು ಏನೂ ಆಗದಿದ್ದವರಿಗೆ ಇದ್ದಕ್ಕಿದ್ದಂತೆ ಶುರುವಾಗುತ್ತದೆ. ಚರ್ಮ ದಪ್ಪಗಾಗಿ, ಕಪ್ಪಾಗಿ, ಆನೆ ಚರ್ಮದಂತೆ ಆಗಿಬಿಟ್ಟ ಹಿರಿಯರನ್ನು ನೀವೂ ನೋಡಿರಬಹುದು. ಬಿಸಿಲಿಗೆ ಹೋದರೆ ಕೆಲವರಿಗೆ ಇನ್ನೂ ಜಾಸ್ತಿ. ಅದನ್ನು ಬರೀ ಬಿಸಿಲು ಅಂದುಕೊಂಡು ವರ್ಷ ಕಳೆಯುತ್ತಾರೆ.

ಮನೆಮದ್ದು ಇಲ್ಲಿ ತುರಿಕೆಯನ್ನು ಸ್ವಲ್ಪ ತಣ್ಣಗೆ ಮಾಡುತ್ತದೆ, ಅಷ್ಟೇ. ಗಿಡ ಸುತ್ತಲೂ ಇರುವವರೆಗೆ ಯಾವ ಮದ್ದೂ ನಿಲ್ಲುವುದಿಲ್ಲ. ಚರ್ಮದ ಡಾಕ್ಟರ ಹತ್ತಿರ ಪ್ಯಾಚ್ ಟೆಸ್ಟ್ (ಅನುಮಾನದ ಅಂಶವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆ) ಮಾಡಿಸಿ, ಕಾರಣ ಇದೇನಾ ಅಂತ ಖಚಿತ ಮಾಡಿಕೊಳ್ಳಿ. ತೋಳು ತುಂಬಾ ಇರುವ ಅಂಗಿ ಹಾಕಿ, ಮುಖಕ್ಕೆ ಟವೆಲ್ ಸುತ್ತಿಕೊಳ್ಳಿ. ಹೊಲದಿಂದ ಬಂದ ಕೂಡಲೇ ಸ್ನಾನ ಮಾಡಿ. ಒಗೆದ ಬಟ್ಟೆಯನ್ನು ಈ ಗಿಡ ಬೆಳೆದ ಸೈಟಿನ ಪಕ್ಕ ಒಣಗಿಸಬೇಡಿ. ಇಷ್ಟು ಸಣ್ಣ ವಿಷಯವನ್ನು ಯಾರೂ ಹೇಳುವುದಿಲ್ಲ, ಅದರಿಂದಲೇ ಎಷ್ಟೋ ಜನ ನರಳುತ್ತಾರೆ.

ಇನ್ನೊಂದು: ಸೇವಂತಿಗೆ, ಸೂರ್ಯಕಾಂತಿ ಇದೇ ಕುಟುಂಬದವು. ಪಾರ್ಥೇನಿಯಂ ಅಲರ್ಜಿ ಇರುವ ಕೆಲವರಿಗೆ ಸೇವಂತಿಗೆಯೂ ಆಗುವುದಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ದಿನವಿಡೀ ಸೇವಂತಿಗೆ ಕಟ್ಟುವವರಿಗೆ ಬೆರಳ ತುದಿ ಬಿರಿದು ತುರಿಸುತ್ತಿದ್ದರೆ ಈ ಬಗ್ಗೆ ಡಾಕ್ಟರಿಗೆ ಹೇಳಬೇಕು.

ಪಾರ್ಥೇನಿಯಂ ಕೀಳುವುದು ಹೇಗೆ? ಸುಟ್ಟುಬಿಡಬಹುದಾ?

ಅಲರ್ಜಿ ಇರುವವರು ಕೀಳಲೇಬಾರದು, ಬೇರೆಯವರಿಗೆ ಒಪ್ಪಿಸಿ. ಮಳೆ ಬಿದ್ದು ನೆಲ ಮೆತ್ತಗಿರುವಾಗ, ಹೂ ಬಿಡುವ ಮುಂಚೆ, ಬೇರು ಸಮೇತ ಕೀಳಬೇಕು. ಗ್ಲೌಸ್ ಇಲ್ಲದಿದ್ದರೆ ಕೈಗೆ ದಪ್ಪ ಪ್ಲಾಸ್ಟಿಕ್ ಕವರ್ ಕಟ್ಟಿಕೊಳ್ಳಿ. ಹೂ ಬಿಡದ ಗಿಡವನ್ನು ಗುಂಡಿಯಲ್ಲಿ ಗೊಬ್ಬರ ಮಾಡಬಹುದು. ಹಸುವಿನ ಮೇವಿಗೆ ಬೆರೆಯದಂತೆ ನೋಡಿಕೊಳ್ಳಿ, ಹಾಲು ಕಹಿಯಾಗುತ್ತದೆ. ಉಪ್ಪು ಬೆರೆಸಿದ ನೀರು ಸಿಂಪಡಿಸಿದರೂ ಗಿಡ ಸಾಯುತ್ತದೆ. ಖಾಲಿ ಸೈಟಿಗೆ ಸರಿ, ಬೆಳೆ ಇಡುವ ಭೂಮಿಗೆ ಬೇಡ. ಈ ಗಿಡದ ಎಲೆ ತಿನ್ನುವ ಮೆಕ್ಸಿಕೋದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆ ಮೇಲೆ ಮಾಸಲು ಬಿಳಿ ಮೈಯಲ್ಲಿ ಕಂದು ಗೆರೆಯ ಹುಳ ಕಂಡರೆ ಕೊಲ್ಲಬೇಡಿ, ಅದು ನಿಮ್ಮ ಪರವಾಗಿ ಕೆಲಸ ಮಾಡುತ್ತಿದೆ.

ಸುಡಬೇಡಿ. ಪಾರ್ಥೇನಿಯಂ ಇರಲಿ, ಗೇರಿನ ಕಟ್ಟಿಗೆ ಇರಲಿ, ತುರಿಸುವ ಗಿಡ ಸುಟ್ಟರೆ ಹೊಗೆಯ ಜೊತೆ ಅದೇ ಅಂಶ ಕಣ್ಣಿಗೆ, ಶ್ವಾಸಕ್ಕೆ ಹೋಗುತ್ತದೆ.

ಕಬ್ಬು ಕಡಿಯುವಾಗ, ತರಗು ಬಿಡಿಸುವಾಗ ಮೈಯೆಲ್ಲ ತುರಿಕೆ. ಅದೂ ಅಲರ್ಜಿಯಾ?

ಹೆಚ್ಚಾಗಿ ಅಲ್ಲ. ಕಬ್ಬಿನ ಗರಿಯ ಬುಡದಲ್ಲಿ ಇರುವ ಸುಂಕು ಚುಚ್ಚುತ್ತದೆ, ಗರಿಯ ಅಂಚು ಕೊಯ್ಯುತ್ತದೆ, ಬೆವರು ಸೇರಿ ಉರಿಯುತ್ತದೆ. ಮಂಡ್ಯ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ತೋಳು ತುಂಬಾ ಅಂಗಿ, ಕೊರಳಿಗೆ ಟವೆಲ್, ಕೆಲಸ ಮುಗಿದ ಕೂಡಲೇ ಸ್ನಾನ. ಬಟ್ಟೆಯನ್ನು ಒದರಿ ಒಗೆಯಿರಿ, ಅದೇ ಅಂಗಿ ಮಾರನೇ ದಿನ ಹಾಕಬೇಡಿ. ಕೊಯ್ದ ಗಾಯ ಇದ್ದರೆ ಟಿಟಿ ಚುಚ್ಚುಮದ್ದು ಹಾಕಿಸಿ ಎಷ್ಟು ವರ್ಷವಾಯಿತು ಅಂತ ಯೋಚಿಸಿ. ಗದ್ದೆಗೆ ಔಷಧಿ ಹೊಡೆದ ಮೇಲೆ ತುರಿಕೆ ಎದ್ದಿದ್ದರೆ ಅದು ಬೇರೆ ವಿಷಯ. ಬಾಟಲಿ ಸಮೇತ ಡಾಕ್ಟರಿಗೆ ತೋರಿಸಿ.

ಸುವರ್ಣಗೆಡ್ಡೆ, ಕೆಸುವಿನ ಸೊಪ್ಪು ಹೆಚ್ಚಿದ ಮೇಲೆ ಕೈ ತುರಿಕೆ ನಿಲ್ಲುವುದಿಲ್ಲ.

ಇವುಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು ಇರುತ್ತವೆ. ಅಡುಗೆಮನೆಯ ಹಳೆಯ ಕ್ರಮವೇ ಸರಿ. ಹೆಚ್ಚುವ ಮುಂಚೆ ಕೈಗೆ ಎಣ್ಣೆ ಸವರಿಕೊಳ್ಳಿ, ಕೈ, ಗೆಡ್ಡೆ ಎರಡೂ ಒಣಗಿರಲಿ. ತುರಿಕೆ ಬಂದರೆ ಹುಣಸೆಹುಳಿ ಅಥವಾ ಹುಳಿ ಮಜ್ಜಿಗೆ ಸವರಿ ತೊಳೆಯಿರಿ. ಸಾರು, ಗೊಜ್ಜಿಗೆ ಹುಳಿ ಜಾಸ್ತಿ ಹಾಕಿ ಚೆನ್ನಾಗಿ ಬೇಯಿಸುವುದೂ ಗಂಟಲು ಕೆರೆಯದಿರಲಿ ಅಂತಲೇ. ತಿಂದ ಮೇಲೆ ನಾಲಿಗೆ, ಗಂಟಲು ಊದಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಕಳ್ಳಿ ಹಾಲು ಅಥವಾ ಎಕ್ಕದ ಹಾಲು ಕಣ್ಣಿಗೆ ಸಿಡಿದರೆ?

ಇಲ್ಲಿ ಮನೆಮದ್ದಿನ ಮಾತೇ ಇಲ್ಲ. ಕೂಡಲೇ ಶುದ್ಧ ನೀರನ್ನು ಕಣ್ಣಿಗೆ ಹಾಯಿಸುತ್ತಾ ಇರಿ, ಕನಿಷ್ಠ 20 ನಿಮಿಷ. ರೆಪ್ಪೆ ಬಿಡಿಸಿ ಹಿಡಿಯಲು ಇನ್ನೊಬ್ಬರು ಬೇಕು. ಎದೆಹಾಲು, ಜೇನು, ಎಣ್ಣೆ ಏನೂ ಬಿಡಬೇಡಿ. ಆಮೇಲೆ ನೇರ ಕಣ್ಣಿನ ವಿಭಾಗಕ್ಕೆ ಹೋಗಿ. ಮೈಸೂರಿನಲ್ಲಾದರೆ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಾದರೆ ಮಿಮ್ಸ್.

ಕಳ್ಳಿ ಹಾಲು ಬಿದ್ದರೆ ತಡೆಯಲಾಗದ ಉರಿ ಇರುತ್ತದೆ, ಜನ ತಾವೇ ಓಡುತ್ತಾರೆ. ಎಕ್ಕದ ಹಾಲಿನಲ್ಲಿ ಮೋಸ ಜಾಸ್ತಿ. ನೋವು ಅಷ್ಟಾಗಿ ಇಲ್ಲದೆಯೇ ಕೆಲವು ಗಂಟೆಯ ಮೇಲೆ ದೃಷ್ಟಿ ಮಂಜಾಗುತ್ತದೆ. ನೋವಿಲ್ಲ ಅಂತ ಸುಮ್ಮನಿದ್ದರೆ ಕಣ್ಣಿಗೇ ಸಂಚಕಾರ. ರಥಸಪ್ತಮಿಯ ದಿನ ಎಕ್ಕದ ಎಲೆ ತಲೆ, ಹೆಗಲ ಮೇಲಿಟ್ಟು ಸ್ನಾನ ಮಾಡುತ್ತೇವಲ್ಲ, ಹಿಂದಿನ ದಿನವೇ ಎಲೆ ಕಿತ್ತು, ತೊಟ್ಟಿನ ಹಾಲು ಸುರಿದು ಹೋಗಲು ಬಿಟ್ಟು, ತೊಳೆದಿಡಿ. ಆಂಜನೇಯನಿಗೆ, ಗಣಪತಿಗೆ ಎಕ್ಕದ ಹೂವಿನ ಹಾರ ಕಟ್ಟುವವರು ಕೈ ತೊಳೆಯದೆ ಕಣ್ಣು ಮುಟ್ಟಬಾರದು. ಮಕ್ಕಳಿಗೆ ಈ ಮಾತನ್ನು ಹೇಳಿಯೇ ಹೇಳಿ.

ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದೆ, ಎರಡೇ ದಿನದಲ್ಲಿ ಹೋಯಿತು. ಅದನ್ನೇ ಮುಂದುವರಿಸಲಾ?

ಬೇಡ. ಹಾಗೆ ಕೊಡುವ ಎಷ್ಟೋ ಟ್ಯೂಬ್‌ಗಳಲ್ಲಿ ಜೋರಾದ ಸ್ಟೀರಾಯ್ಡ್, ಹುಳುಕಡ್ಡಿಯ ಔಷಧಿ, ಆಂಟಿಬಯೋಟಿಕ್ ಎಲ್ಲ ಒಟ್ಟಿಗೆ ಇರುತ್ತದೆ. ತುರಿಕೆ ಬೇಗ ನಿಲ್ಲುತ್ತದೆ ನಿಜ. ಮುಖ, ತೊಡೆ ಸಂದಿಗೆ ವಾರಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಕೆಂಪು ನರ ಕಾಣುತ್ತದೆ, ಮೊಡವೆ ಏಳುತ್ತದೆ, ಹುಳುಕಡ್ಡಿ ಇದ್ದರೆ ಮೈತುಂಬಾ ಹರಡುತ್ತದೆ. ಬಿಟ್ಟ ದಿನ ಉರಿ ವಾಪಸ್. ಸ್ವಲ್ಪ ಜಾಗದ ದದ್ದಿಗೆ 1% ಹೈಡ್ರೋಕಾರ್ಟಿಸೋನ್‌ನಂಥ ಮೆದು ಔಷಧಿಯನ್ನು ಡಾಕ್ಟರನ್ನು ಕೇಳಿ ಕೆಲವು ದಿನ ಹಚ್ಚಬಹುದು. ಒಬ್ಬರಿಗೆ ಬರೆದುಕೊಟ್ಟ ಟ್ಯೂಬ್ ಮನೆಯಲ್ಲೆಲ್ಲ ಸುತ್ತುವುದು ನಿಲ್ಲಬೇಕು.

ಬದನೆಕಾಯಿ, ಮೀನು, ಕಡ್ಲೆಬೀಜ ತಿಂದರೆ ನಂಜಾಗುತ್ತದಾ?

ಗಿಡ ತಾಗಿ ಬಂದ ದದ್ದಿಗೂ ಊಟಕ್ಕೂ ಸಂಬಂಧ ಇಲ್ಲ. ನಿಮಗೆ ಮೊದಲೇ ಆಗದ ಪದಾರ್ಥ ಬಿಡಿ, ಉಳಿದದ್ದು ಎಂದಿನಂತೆ ತಿನ್ನಿ. ಬಾಣಂತಿಗೆ, ಮಕ್ಕಳಿಗೆ ಬರೀ ಗಂಜಿ ಕೊಟ್ಟು ಸುಸ್ತು ಮಾಡಬೇಡಿ.

ಯಾವಾಗ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಬೇಕು?

ಉಸಿರು ಕಟ್ಟಿದರೆ, ತುಟಿ ನಾಲಿಗೆ ಊದಿದರೆ, ತಲೆ ಸುತ್ತಿ ಬಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಕಣ್ಣಿನ ಸುತ್ತ, ಮುಖ, ಗುಪ್ತ ಭಾಗದಲ್ಲಿ ದದ್ದು, ಜ್ವರ, ಕೀವು, ನೋವು ಹೆಚ್ಚುತ್ತಿರುವುದು, ಗಿಡ ಸುಟ್ಟ ಹೊಗೆ ಕುಡಿದ ಮೇಲೆ ಕೆಮ್ಮು ಇದ್ದರೆ ಅದೇ ದಿನ ತೋರಿಸಿ. ಎಳೆ ಮಗು, ಗರ್ಭಿಣಿ, ಸಕ್ಕರೆ ಕಾಯಿಲೆ ಇರುವವರು ಕಾಯದಿದ್ದರೆ ಒಳ್ಳೆಯದು. ಸಾಮಾನ್ಯ ದದ್ದು ಒಂದರಿಂದ ಮೂರು ವಾರದಲ್ಲಿ ಹೋಗುತ್ತದೆ. ಒಂದು ವಾರವಾದರೂ ಇಳಿಮುಖ ಕಾಣದಿದ್ದರೂ ಹೋಗಿ. ತಾಗಿದ ಗಿಡದ ಫೋಟೋ ಇದ್ದರೆ ಫೋನಲ್ಲಿ ತೋರಿಸಿ. ಗಿಡವನ್ನೇ ಕಿತ್ತು ತರುವುದು ಬೇಡ.

ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಪಾಯ್ಸನ್ ಐವಿ ತಾಗಿದೆಯಂತೆ. ಇಲ್ಲಿಂದ ಏನು ಹೇಳಲಿ?

ಆ ಬಳ್ಳಿ ನಮ್ಮ ಕಡೆ ಇಲ್ಲ. ಆದರೆ ಅದೂ ಮಾವು, ಗೇರಿನ ಕುಟುಂಬದ್ದೇ. ಉರುಶಿಯಾಲ್ ಅನ್ನುವ ಎಣ್ಣೆ ಅದರ ವಿಷ. ಮೂರು ಮೂರು ಎಲೆ ಒಟ್ಟಿಗೆ ಇರುವ ಬಳ್ಳಿಯನ್ನು ಅಲ್ಲಿಯವರು ಮುಟ್ಟುವುದಿಲ್ಲ. ಪಾತ್ರೆ ತೊಳೆಯುವ ಸೋಪಿನಲ್ಲಿ ಮೈ, ಶೂ, ಬ್ಯಾಗು ಎಲ್ಲ ತೊಳೆಯಲು ಹೇಳಿ. ನಾಯಿ ಸಾಕಿದ್ದರೆ ಅದಕ್ಕೂ ಸ್ನಾನ ಬೇಕು, ಅದರ ಕೂದಲಲ್ಲಿ ಎಣ್ಣೆ ಮನೆಗೆ ಬರುತ್ತದೆ. ತಣ್ಣೀರ ಬಟ್ಟೆ, ಕ್ಯಾಲಮೈನ್, ಓಟ್ಸ್ ಸ್ನಾನ ಅಲ್ಲಿಯೂ ಇವೇ. ಇಲ್ಲಿದ್ದಾಗ ಮಾವಿನ ಸೊನೆಗೆ ಅವಳ ತುಟಿ ಊದುತ್ತಿದ್ದರೆ ಅದನ್ನು ಅಲ್ಲಿನ ಡಾಕ್ಟರಿಗೆ ತಪ್ಪದೆ ಹೇಳಲಿ. ಪಾಯ್ಸನ್ ಐವಿ ಆದ ಮೇಲೆ ಮಾವಿನ ಸಿಪ್ಪೆಯನ್ನೂ ಅವಳು ಮುಟ್ಟದಿರುವುದು ಒಳ್ಳೆಯದು. ಬೇಸಿಗೆಯಲ್ಲಿ ಊರಿಗೆ ಬಂದಾಗ ನೀವೇ ಹೆರೆದು ಕೊಡಿ.